ತಂದೆ ಏನು ಮಾಡುತ್ತಾರೆ?

ಸಂದರ್ಶನದ ಅಂಕಪಟ್ಟಿಯಲ್ಲಿ ನಾನೇ ಬರೆದಿದ್ದ 8ನ್ನು ನಾನೇ ಹೊಡೆದುಹಾಕಿ ಪಕ್ಕದಲ್ಲಿ 6 ಎಂದು ಬರೆದಿದ್ದೆ. ಹಾಗೆ ಬರೆದದ್ದು ಯಾವ ಮಾತಿನ ನಂತರ ಎಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದವರ ಗಮನಕ್ಕೆ ಬಂದಿತ್ತು. ಸಿಬ್ಬಂದಿ ಆಯ್ಕೆಯ ಕೆಲಸದಲ್ಲಿ ಅಷ್ಟು ವರ್ಷ ಕಳೆದ ಮೇಲೂ ಆ ಒಂದು ತಿದ್ದುಪಡಿ ನನ್ನನ್ನು ಕಾಡುತ್ತಲೇ ಇದೆ.

ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ, ಜಪಾನಿ ಒಡೆತನದ ಕಾರ್ಖಾನೆಯೊಂದರ ಎಚ್‌ಆರ್ ವಿಭಾಗದಲ್ಲಿ ನಾನು ಇದ್ದ ಕಾಲವದು. ಐಟಿಐ ಮುಗಿಸಿದವರನ್ನು ಟ್ರೈನಿಗಳಾಗಿ ತೆಗೆದುಕೊಳ್ಳುವ ಸಂದರ್ಶನ ನಡೆದಿತ್ತು. ಪ್ಯಾನೆಲ್‌ನಲ್ಲಿ ನಾವು ಮೂವರು: ಉತ್ಪಾದನಾ ವಿಭಾಗದ ಜಪಾನಿ ಮುಖ್ಯಸ್ಥರು, ಟೂಲ್ ರೂಮಿನ ಹಿರಿಯ ಸೂಪರ್‌ವೈಸರ್, ಮತ್ತು ನಾನು. ಮುಖ್ಯಸ್ಥರ ಪಕ್ಕದಲ್ಲಿ ದುಭಾಷಿ. ಒಳಗೆ ಬಂದವನು ಯಾದಗಿರಿ ಜಿಲ್ಲೆಯ ಶಹಾಪುರ ಕಡೆಯ ಹುಡುಗ, ಟರ್ನರ್ ಟ್ರೇಡಿನವನು. ಸೂಪರ್‌ವೈಸರ್ ಲೋಹದ ತುಂಡನ್ನು ತಿರುಗಿಸುತ್ತಾ ಕೊರೆಯುವ ಯಂತ್ರವಾದ ಲೇತ್ ಬಗ್ಗೆ ಕೇಳಿದರು. ಫೇಸಿಂಗ್, ಅಂದರೆ ತುಂಡಿನ ತುದಿಯ ಮುಖವನ್ನು ಸಮತಟ್ಟು ಮಾಡುವಾಗ ಟೂಲಿನ ತುದಿ ಸೆಂಟರಿನ ಎತ್ತರಕ್ಕೆ ಸರಿಯಾಗಿ ಕೂರದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಅವನು ಗಾಳಿಯಲ್ಲೇ ಬೆರಳಿನಿಂದ ವೃತ್ತ ಬರೆದು, "ನಟ್ಟನಡುವ ಒಂದು ಸಣ್ಣ ಮೊಳಕಿ ಹಂಗೇ ಉಳೀತದ್ರಿ ಸರ್" ಎಂದ. ಪುಸ್ತಕದಲ್ಲಿ ಓದಿದವನ ಮಾತಲ್ಲ, ಅದನ್ನು ಕಣ್ಣಾರೆ ಕಂಡವನ ಮಾತು. ಆಗಲೇ ನಾನು 'ವ್ಯಕ್ತಿತ್ವ' ಎಂಬ ಕಾಲಂನಲ್ಲಿ 8 ಬರೆದದ್ದು.

ಆಮೇಲೆ ನನ್ನ ಸರದಿ. ಅದುವರೆಗೆ ಎಲ್ಲರಿಗೂ ಕೇಳುತ್ತಿದ್ದುದನ್ನೇ ಅವನಿಗೂ ಕೇಳಿದೆ: "ಮನೆಯಲ್ಲಿ ಯಾರ್ಯಾರಿದ್ದೀರಪ್ಪ? ತಂದೆ ಏನು ಮಾಡ್ತಾರೆ?"

"ಇಲ್ಲೇ ಬೆಂಗಳೂರಾಗ ಗಾರೆ ಕೆಲ್ಸ ಮಾಡ್ತಾರ್ರಿ ಮೇಡಂ. ಅವ್ವನೂ ಇಲ್ಲೇ ಅದಾಳ್ರಿ."

"ಊರಲ್ಲಿ ಜಮೀನು ಇದೆಯಾ?"

"ಇಲ್ರಿ."

ಲೇತ್ ಬಗ್ಗೆ ಹೇಳುವಾಗ ಗಾಳಿಯಲ್ಲಿ ಆಡುತ್ತಿದ್ದ ಕೈಗಳು ಮೊಣಕಾಲುಗಳ ನಡುವೆ ಸೇರಿಕೊಂಡವು. ಅನಂತರದ ಪ್ರಶ್ನೆಗಳಿಗೆಲ್ಲ ಒಂದೊಂದೇ ಪದದ ಉತ್ತರ. ಅವನು ಹೊರಗೆ ಹೋದ ಮೇಲೆ ಜಪಾನಿ ಮುಖ್ಯಸ್ಥರು ದುಭಾಷಿಯ ಮೂಲಕ ನನ್ನನ್ನು ಕೇಳಿದರು: ಆ ಪ್ರಶ್ನೆಯಿಂದ ಈ ಕೆಲಸಕ್ಕೆ ಸಂಬಂಧಿಸಿದ ಏನು ತಿಳಿಯಿತು? ಕುಟುಂಬದ ಹಿನ್ನೆಲೆ ತಿಳಿದರೆ ಹುಡುಗ ಎಷ್ಟು ದಿನ ನಿಲ್ಲುತ್ತಾನೆ, ಶಿಸ್ತಿನವನೇ ಅಲ್ಲವೇ ಎಂಬುದರ ಅಂದಾಜು ಸಿಗುತ್ತದೆ ಎಂದೆ. ಅವರು ತಲೆಯಾಡಿಸಿದರು. ಬಳಿಕ ಪೆನ್ನಿನ ತುದಿಯನ್ನು ನನ್ನ ಹಾಳೆಯ ಮೇಲೆ, ಹೊಡೆದುಹಾಕಿದ್ದ ಆ 8ರ ಹತ್ತಿರ ಇಟ್ಟು, ಏನೂ ಹೇಳದೆ ತೆಗೆದರು. "ನಮ್ಮಲ್ಲಿ ಈ ಪ್ರಶ್ನೆಯನ್ನು ಕೇಳುವಂತಿಲ್ಲ. ಏಕೆಂದು ಸಂಜೆ ಹೇಳುತ್ತೇನೆ" ಎಂದಷ್ಟೇ ಅವರ ಮಾತು. ನನಗೆ ಆಗ ಸಿಟ್ಟು ಬಂದಿತ್ತು. ಮನೆಯವರನ್ನು ವಿಚಾರಿಸುವುದು ನಮ್ಮಲ್ಲಿ ಸೌಜನ್ಯ, ಹೊರಗಿನಿಂದ ಬಂದವರಿಗೆ ಇದು ಹೇಗೆ ಅರ್ಥವಾದೀತು ಎಂದು ಮನಸ್ಸಿನಲ್ಲೇ ವಾದ ಹೂಡಿದ್ದೆ.

ಮೇಷ್ಟ್ರ ಮಗಳು

ಆ ವಾದ ಪೂರ್ತಿ ಸುಳ್ಳೇನಲ್ಲ. ನಾನು ಬೆಳೆದ ಅರಸೀಕೆರೆ ಕಡೆಯ ಹಳ್ಳಿಯಲ್ಲಿ ಅಪರಿಚಿತರು ಎದುರಾದರೆ ಮೊದಲ ಮಾತು "ಯಾವೂರಾಯ್ತು?" ಎಂಬುದು, ಎರಡನೆಯದು "ಯಾರ ಪೈಕಿ?" ಎಂಬುದು. ಬಸ್ಸಿನಲ್ಲಿ ಪಕ್ಕದ ಸೀಟಿನವರು, ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರು ಹೀಗೆ ಕೇಳಿಯೇ ಹತ್ತಿರವಾಗುತ್ತಾರೆ. ಆ ಮಾತಿನಲ್ಲಿ ಅಕ್ಕರೆ ಇರುವುದೂ ನಿಜ. ಆದರೆ ಅದೇ ಮಾತಿನ ಹೊಟ್ಟೆಯೊಳಗೆ "ನಮ್ಮೋರಾ?" ಎಂಬ ಇನ್ನೊಂದು ಪ್ರಶ್ನೆ ಇರುತ್ತದೆ. ಉತ್ತರ ಹೌದು ಎಂದಾದರೆ ಚೊಂಬು ನೀರಿನ ಜೊತೆ ಬೆಲ್ಲವೂ ಬರುತ್ತದೆ. ಅಲ್ಲ ಎಂದಾದರೆ ಏನೇನು ಬರುವುದಿಲ್ಲ ಎಂಬುದನ್ನು ಕನ್ನಡದ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ.

ನನ್ನ ಮೊದಲ ಉದ್ಯೋಗದ ಸಂದರ್ಶನ ಆ ಸಂಜೆ ಮತ್ತೆ ಮತ್ತೆ ನೆನಪಾಯಿತು. ನನ್ನ ಇಂಗ್ಲಿಷ್ ತಡವರಿಸುತ್ತಿತ್ತು. ಎರಡು ಪ್ರಶ್ನೆಗಳಿಗೆ ತಪ್ಪು ಉತ್ತರ ಕೊಟ್ಟಿದ್ದೆ. ಆಗ ಮಧ್ಯದಲ್ಲಿ ಕುಳಿತಿದ್ದ ಹಿರಿಯರು "ತಂದೆ ಏನು ಮಾಡ್ತಾರಮ್ಮ?" ಎಂದು ಕೇಳಿದರು. ಹೈಸ್ಕೂಲಿನಲ್ಲಿ ಮೇಷ್ಟ್ರು ಎಂದೆ. "ಓ, ಮೇಷ್ಟ್ರ ಮಗಳು!" ಎಂದು ಅವರು ಕುರ್ಚಿಗೆ ಒರಗಿಕೊಂಡರು. ಆ ಕ್ಷಣದಿಂದ ಇಡೀ ಕೋಣೆಯ ಬಿಗಿ ಸಡಿಲವಾಯಿತು. ಅವರು ನನ್ನ ತಡವರಿಕೆಯನ್ನು ಸಂಕೋಚವೆಂದು, ತಪ್ಪುಗಳನ್ನು ಪ್ರಾಮಾಣಿಕತೆಯೆಂದು ಓದಿಕೊಂಡರು. ಮನೆಗೆ ಬಂದು ಅಪ್ಪನಿಗೆ ಈ ಸಂಗತಿ ಹೇಳಿದಾಗ ಅವರು ಎಷ್ಟು ಹಿಗ್ಗಿದ್ದರು! ನಮ್ಮ ಹಿಗ್ಗಿನ ಆಚೆ ಬದಿಯಲ್ಲಿ ಆ ದಿನ ಅದೇ ಬೆಂಚಿನ ಮೇಲೆ ಕಾಯುತ್ತಿದ್ದ ಇನ್ನೊಬ್ಬಳು ಇದ್ದಿರಬಹುದು. ಅವಳ ತಂದೆ ಗಾರೆ ಕೆಲಸದವರಾಗಿದ್ದರೆ ಅವಳ ತಡವರಿಕೆ ಬರೀ ತಡವರಿಕೆಯಾಗಿಯೇ ದಾಖಲಾಗಿರುತ್ತದೆ. ಹದಿನೈದು ವರ್ಷ ನಾನು ಎಲ್ಲ ಅಭ್ಯರ್ಥಿಗಳಿಗೂ ಆ ಪ್ರಶ್ನೆಯನ್ನು ಅಷ್ಟು ಸಹಜವಾಗಿ ಕೇಳುತ್ತಾ ಬಂದದ್ದು, ಅದು ನನಗೆ ಬಾಗಿಲು ತೆರೆದಿದ್ದ ಪ್ರಶ್ನೆ ಎಂಬ ಕಾರಣಕ್ಕೆ.

ಊರಿನ ಹೆಸರುಗಳ ಪಟ್ಟಿ

ಸಂಜೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ಮುಖ್ಯಸ್ಥರು ತಮ್ಮ ಮಾತನ್ನು ಉಳಿಸಿಕೊಂಡರು. ಅವರು ಒಸಾಕಾ ಕಡೆಯವರು. ಜಪಾನಿನಲ್ಲಿ ಬುರಾಕು ಎಂದು ಕರೆಯುವ ಸಮುದಾಯಗಳಿವೆ: ಹಿಂದೆ ಚರ್ಮದ ಕೆಲಸ, ಪ್ರಾಣಿಗಳ ವಧೆ, ಹೆಣಗಳಿಗೆ ಸಂಬಂಧಿಸಿದ ಕೆಲಸ ಮಾಡುತ್ತಿದ್ದವರೆಂದು ಊರಿನ ಅಂಚಿಗೆ ತಳ್ಳಿ ಹೊರಗಿಟ್ಟ ಜನರ ಸಂತತಿಯವರು. 1871ರಲ್ಲಿ ಸರ್ಕಾರಿ ಆಜ್ಞೆಯ ಮೂಲಕ ಆ ಅಂತಸ್ತಿನ ಭೇದವನ್ನು ರದ್ದುಪಡಿಸಲಾಯಿತು. ಆದರೂ ಮದುವೆಯಲ್ಲಿ, ಉದ್ಯೋಗದಲ್ಲಿ ಅದು ಉಳಿಯಿತು. ಮುಖ ನೋಡಿದರೆ, ಭಾಷೆ ಕೇಳಿದರೆ, ಹೆಚ್ಚಿನ ಸಂದರ್ಭಗಳಲ್ಲಿ ಹೆಸರು ಓದಿದರೂ ಬುರಾಕು ಮೂಲದವರೆಂದು ಗುರುತಿಸಲಾಗುವುದಿಲ್ಲ. ಗುರುತು ಇರುವುದು ಊರಿನಲ್ಲಿ, ಮನೆತನದಲ್ಲಿ. ಆದ್ದರಿಂದಲೇ 1975ರಲ್ಲಿ ಬಯಲಾದ ಸಂಗತಿ ಆ ದೇಶವನ್ನು ಅಲುಗಾಡಿಸಿತು: ದೇಶದಾದ್ಯಂತ ಬುರಾಕು ವಸತಿಗಳ ಸ್ಥಳನಾಮಗಳನ್ನು ಪಟ್ಟಿಮಾಡಿದ ಪುಸ್ತಕಗಳನ್ನು ಗುಟ್ಟಾಗಿ ಮಾರಲಾಗುತ್ತಿತ್ತು, ಕೊಂಡವರಲ್ಲಿ ದೊಡ್ಡ ದೊಡ್ಡ ಕಂಪನಿಗಳು ಇದ್ದವು. ಅರ್ಜಿಯಲ್ಲಿ ಬರೆದ ಊರನ್ನು ಆ ಪಟ್ಟಿಯೊಂದಿಗೆ ತಾಳೆ ನೋಡಿ, ಹೊಂದಿಕೆಯಾದವರನ್ನು ಕೈಬಿಡುವುದಕ್ಕಾಗಿ.

ಅದಕ್ಕೆ ಪ್ರತಿಯಾಗಿ ಬೆಳೆದು ಬಂದ ಕ್ರಮಗಳು ನನ್ನ ವೃತ್ತಿಗೆ ನೇರವಾಗಿ ಸಂಬಂಧಿಸಿದವು. ಜಪಾನಿನ ಕಾರ್ಮಿಕ ಸಚಿವಾಲಯ ಆಯ್ಕೆಯ ವೇಳೆ ಎಚ್ಚರ ವಹಿಸಬೇಕಾದ 14 ಸಂಗತಿಗಳನ್ನು ಮಾಲೀಕರ ಮುಂದಿಟ್ಟಿದೆ. ಹುಟ್ಟಿದ ಊರು, ಕುಟುಂಬದವರ ಉದ್ಯೋಗ ಮತ್ತು ಆದಾಯ, ಮನೆ ಎಂಥದು, ನೆರೆಹೊರೆ ಹೇಗಿದೆ ಎಂಬಂಥವು ಅಭ್ಯರ್ಥಿಯ ಹೊಣೆಗೆ ಸೇರದ ವಿಷಯಗಳು, ಆದ್ದರಿಂದ ಕೇಳಬಾರದು. ಧರ್ಮ, ಬೆಂಬಲಿಸುವ ಪಕ್ಷ, ಕಾರ್ಮಿಕ ಸಂಘದ ನಂಟು ಮಾತ್ರವಲ್ಲ, ಯಾರನ್ನು ಗೌರವಿಸುತ್ತೀರಿ, ಯಾವ ಪತ್ರಿಕೆ ಓದುತ್ತೀರಿ ಎಂಬುದೂ ವ್ಯಕ್ತಿಯ ಸ್ವಾತಂತ್ರ್ಯಕ್ಕೆ ಸೇರಿದ್ದು, ಅದನ್ನೂ ಕೇಳಬಾರದು. ಊರಿಗೆ ಹೋಗಿ ಅಕ್ಕಪಕ್ಕದವರನ್ನು ವಿಚಾರಿಸುವುದಂತೂ ಕೂಡದೇ ಕೂಡದು. ನಾನು ಆ ಪಟ್ಟಿಯ ಪ್ರತಿ ಸಾಲನ್ನೂ ದುಭಾಷಿಯಿಂದ ಬಿಡಿಸಿ ಹೇಳಿಸಿಕೊಂಡೆ. ನನ್ನ ಸಂದರ್ಶನದ ಪ್ರಶ್ನೆಗಳಲ್ಲಿ ಅರ್ಧದಷ್ಟು ಅಲ್ಲಿದ್ದವು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಊರಿನ ಹೆಸರುಗಳ ಮಾತು. ನಮಗೆ ಗುಟ್ಟಿನ ಪುಸ್ತಕದ ಅಗತ್ಯವಾದರೂ ಎಲ್ಲಿದೆ? ನಮ್ಮ ಅರ್ಜಿ ನಮೂನೆಯಲ್ಲಿ 'ಕಾಯಂ ವಿಳಾಸ' ಎಂಬ ಸಾಲಿತ್ತು. ಎ.ಕೆ. ಕಾಲೋನಿ, ಅಂಬೇಡ್ಕರ್ ನಗರ, ಇಂಥ ತಾಂಡಾ ಎಂದು ಯಾರಾದರೂ ಬರೆದರೆ ಕರ್ನಾಟಕದಲ್ಲಿ ಹುಟ್ಟಿ ಬೆಳೆದ ಯಾವ ಎಚ್‌ಆರ್ ಅಧಿಕಾರಿಗೂ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ. ಊರು ಮತ್ತು ಕೇರಿ ಎಂಬ ಎರಡು ಪದಗಳ ನಡುವಿನ ಅಂತರವನ್ನು ನಾವು ಎದೆಹಾಲಿನೊಂದಿಗೇ ಕಲಿತಿರುತ್ತೇವೆ. ಬುರಾಕು ಎಂಬ ಪದದ ಮೂಲ ಅರ್ಥವೂ ಹಳ್ಳಿ, ಜನವಸತಿ ಎಂದೇ ಎಂಬುದು ತಿಳಿದಾಗ ಆ ಸಂಜೆಯ ನನ್ನ ಸಿಟ್ಟು ಇಳಿದುಹೋಯಿತು. ಹೊರಗಿನವರೆಂದು ನಾನು ಅಂದುಕೊಂಡಿದ್ದವರು ನನ್ನ ಪ್ರಶ್ನೆಯನ್ನು ನನಗಿಂತ ಚೆನ್ನಾಗಿ ಗುರುತಿಸಿದ್ದರು.

ಜಪಾನನ್ನು ಆದರ್ಶವೆಂದು ತೋರಿಸುವುದು ನನ್ನ ಉದ್ದೇಶವಲ್ಲ. ಅಲ್ಲಿನ ವೈದ್ಯಕೀಯ ವಿಶ್ವವಿದ್ಯಾಲಯವೊಂದು ಪ್ರವೇಶ ಪರೀಕ್ಷೆಯಲ್ಲಿ ಹೆಣ್ಣುಮಕ್ಕಳ ಅಂಕಗಳನ್ನು ವರ್ಷಗಟ್ಟಲೆ ಕಡಿತಗೊಳಿಸುತ್ತಿದ್ದುದು 2018ರಲ್ಲಿ ಬಯಲಾಯಿತು. ನಮ್ಮ ಕಾರ್ಖಾನೆಯಲ್ಲೂ ಜಪಾನಿನಿಂದ ಬಂದ ಅಧಿಕಾರಿಗಳಲ್ಲಿ ಒಬ್ಬ ಮಹಿಳೆಯನ್ನೂ ನಾನು ಕಾಣಲಿಲ್ಲ. ಒಂದು ಗಾಯವನ್ನು ಗುರುತಿಸಲು ಕಲಿತ ಸಮಾಜ ಇನ್ನೊಂದನ್ನು ಗುರುತಿಸುತ್ತದೆ ಎಂದೇನೂ ಇಲ್ಲ.

'ಫ್ಯಾಮಿಲಿ ಬ್ಯಾಕ್‌ಗ್ರೌಂಡ್'

ಈ ಪ್ರಶ್ನೆ ನನ್ನೊಬ್ಬಳದಲ್ಲ ಎಂಬುದಕ್ಕೆ ಆಧಾರವಿದೆ. 2007ರಲ್ಲಿ ಸಮಾಜಶಾಸ್ತ್ರಜ್ಞರಾದ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ 25 ಮಂದಿ ಎಚ್‌ಆರ್ ಮ್ಯಾನೇಜರುಗಳನ್ನು ಮಾತನಾಡಿಸಿ ಒಂದು ಅಧ್ಯಯನ ಪ್ರಕಟಿಸಿದರು. ತಾವು ನೋಡುವುದು ಪ್ರತಿಭೆಯನ್ನು ಮಾತ್ರ, ಜಾತಿಯನ್ನಲ್ಲ ಎನ್ನುತ್ತಿದ್ದ ಆ ಮ್ಯಾನೇಜರುಗಳೇ ಕುಟುಂಬದ ಹಿನ್ನೆಲೆಯ ಪ್ರಶ್ನೆ ಬಹಳ ಮುಖ್ಯ ಎಂದೂ ಹೇಳಿದ್ದರು. ಅದೇ ವರ್ಷ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಇನ್ನೊಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಪತ್ರಿಕೆಗಳಲ್ಲಿ ಬಂದ 548 ಉದ್ಯೋಗ ಜಾಹೀರಾತುಗಳಿಗೆ ಅವರು 4,808 ಅರ್ಜಿಗಳನ್ನು ಕಳಿಸಿದ್ದರು. ವಿದ್ಯಾರ್ಹತೆ, ಅನುಭವ ಎಲ್ಲವೂ ಸಮಾನ. ಬೇರೆ ಇದ್ದದ್ದು ಹೆಸರು ಮಾತ್ರ. ಮೇಲ್ಜಾತಿಯದೆಂದು ಗುರುತಾಗುವ ಹೆಸರಿಗೆ ಹೋಲಿಸಿದರೆ ಕರೆ ಬರುವ ಸಂಭವ ದಲಿತ ಹೆಸರಿಗೆ ಮೂರರಲ್ಲಿ ಎರಡು ಪಾಲಿನಷ್ಟು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲಿನಷ್ಟು ಇತ್ತು. ಕೋಣೆಯೊಳಗೆ ಬರುವ ಮೊದಲೇ, ಒಂದು ಮಾತೂ ಆಡುವ ಮೊದಲೇ.

ನ್ಯಾಯಾಲಯಗಳಿಗೂ ಇದು ಹೊಸ ವಿಷಯವಲ್ಲ. 1964ರಲ್ಲಿ ಮೈಸೂರು ರಾಜ್ಯದ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನದ ಅಂಕ ಸೇರಿಸಿದ್ದನ್ನು ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. ಆದರೆ ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿಗೆ ಸಂಬಂಧಿಸಿದ ಅಜಯ್ ಹಾಸಿಯಾ ಪ್ರಕರಣದಲ್ಲಿ, 1980ರ ಕೊನೆಯಲ್ಲಿ, ಅದೇ ನ್ಯಾಯಾಲಯ 150ರಲ್ಲಿ 50 ಅಂಕಗಳನ್ನು ಸಂದರ್ಶನಕ್ಕೆ ಇಟ್ಟದ್ದು ಮನಸೋಇಚ್ಛೆ ವರ್ತನೆಗೆ ದಾರಿ ಎಂದಿತು. ಒಟ್ಟು ಅಂಕಗಳ ಶೇ 15ನ್ನು ಮೀರಬಾರದು ಎಂದಿತು. ಆ ಪ್ರಕರಣದಲ್ಲಿ ಅರ್ಜಿದಾರರ ದೂರು ಏನಾಗಿತ್ತೆಂಬುದನ್ನು ಓದಿದಾಗ ನಾನು ಸುಮ್ಮನೆ ಕುಳಿತುಬಿಟ್ಟೆ. ಪ್ರತಿಯೊಬ್ಬರಿಗೂ ಎರಡು ಮೂರು ನಿಮಿಷದ ಸಂದರ್ಶನ. ಕೇಳಿದ್ದು ತಂದೆತಾಯಿ ಯಾರು, ಮನೆ ಎಲ್ಲಿ ಎಂಬುದು. ಸರ್ಕಾರಿ ನೇಮಕಾತಿಯ ಮೇಲಾದರೂ ಸಮಾನ ಅವಕಾಶದ ಭರವಸೆ ಕೊಡುವ ಸಂವಿಧಾನದ 16ನೇ ವಿಧಿಯ ಕಣ್ಣಿದೆ. ಕೇಂದ್ರ ಸರ್ಕಾರ 2016ರ ಜನವರಿಯಿಂದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಖಾಸಗಿ ಕಂಪನಿಯ ಮುಚ್ಚಿದ ಕೋಣೆಯಲ್ಲಿ ಇರುವುದು ಪ್ಯಾನೆಲ್‌ನವರ ಆತ್ಮಸಾಕ್ಷಿ ಮತ್ತು ಅವರ ಪೆನ್ನು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಹಿನ್ನೆಲೆಯನ್ನು ಕೇಳುವುದೇ ಯಾವಾಗಲೂ ತಪ್ಪು ಎಂದು ನಾನು ಹೇಳುತ್ತಿಲ್ಲ. ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ಗ್ರಾಮೀಣ ಭಾಗದ ಬಡ ಕುಟುಂಬಗಳ ಮಕ್ಕಳನ್ನು ಹುಡುಕಿ ಆರಿಸಿಕೊಂಡು ಮೂರು ವರ್ಷ ತರಬೇತಿ ನೀಡುತ್ತದೆ. ಅಲ್ಲಿ ಮನೆಯ ಸ್ಥಿತಿ ತಿಳಿಯದೆ ಕೆಲಸ ನಡೆಯುವುದಿಲ್ಲ. ಮೀಸಲಾತಿಯೂ ಹಾಗೆಯೇ. ಅಲ್ಲೆಲ್ಲ ಪ್ರಶ್ನೆಯನ್ನು ಏಕೆ ಕೇಳುತ್ತಿದ್ದೇವೆ ಎಂಬುದು ಮೊದಲೇ ಬರೆದಿಟ್ಟ ನಿಯಮದಲ್ಲಿದೆ, ಉತ್ತರ ಕೊಡುವವರಿಗೂ ಗೊತ್ತಿದೆ. ನನ್ನ ಪ್ರಶ್ನೆಗೆ ಅಂಥ ನಿಯಮವಿರಲಿಲ್ಲ. ಅದರ ಉತ್ತರ ಎಲ್ಲಿಗೆ ಹೋಗುತ್ತದೆಂಬುದು ಹುಡುಗನಿಗೆ ತಿಳಿದಿರಲಿಲ್ಲ. 'ವ್ಯಕ್ತಿತ್ವ'ದ ಕಾಲಂಗೆ ಹೋಗುತ್ತಿದೆ ಎಂಬುದು ನನಗೂ ತಿಳಿದಿರಲಿಲ್ಲ.

ನಾವು ಮಾಡಿದ್ವಿ

ಆ ಕಾರ್ಖಾನೆಗೆ ಸೇರಿದಾಗ ನಮಗೆ ಎರಡು ದಿನಗಳ ಸಾಂಸ್ಕೃತಿಕ ತರಬೇತಿ ಕೊಟ್ಟಿದ್ದರು. ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಕೊಡಬೇಕು, ಜಪಾನಿಗಳು 'ಹಾಯ್' (ಜಪಾನಿಯಲ್ಲಿ 'ಹೌದು') ಎಂದರೆ ಒಪ್ಪಿದರೆಂದಲ್ಲ, ಕೇಳಿಸಿಕೊಳ್ಳುತ್ತಿದ್ದಾರೆ ಎಂದೂ ಆಗಬಹುದು, ಅವರ ಮೌನಕ್ಕೆ ಗಾಬರಿಯಾಗಬಾರದು ಎಂದೆಲ್ಲ ಕಲಿಸಿದರು. ಡಚ್ ಸಂಶೋಧಕ ಹೋಫ್‌ಸ್ಟೆಡೆ ಅವರ ಅಂಕಿಗಳನ್ನು ಪರದೆಯ ಮೇಲೆ ತೋರಿಸಿದರು: ಮೇಲುಕೀಳಿನ ಅಂತರವನ್ನು ಒಪ್ಪಿಕೊಳ್ಳುವುದರಲ್ಲಿ ಭಾರತಕ್ಕೆ 77, ಜಪಾನಿಗೆ 54. 1967ರಿಂದ 1973ರವರೆಗೆ ಐಬಿಎಂ ಕಂಪನಿಯ ನೌಕರರಿಂದ ಪಡೆದ ಉತ್ತರಗಳ ಮೇಲೆ ನಿಂತ ಲೆಕ್ಕವದು. ಒಂದು ಇಡೀ ದೇಶಕ್ಕೆ ಒಂದೇ ಅಂಕಿ! ಶಹಾಪುರದಿಂದ ಬಂದವನಿಗೂ ಅರಸೀಕೆರೆಯ ಮೇಷ್ಟ್ರ ಮಗಳಿಗೂ ಸೇರಿ 77.

'ಹಾಯ್' ಬಗ್ಗೆ ಕಲಿತ ನಾನು, ನಮ್ಮದೇ 'ಹ್ಞೂಂ' ಕೂಡ ಹಾಗೆಯೇ ಎಂಬುದನ್ನು ಮರೆತಿದ್ದೆ. ಕಥೆ ಕೇಳುವ ಮಗು ಹೂಂಗುಟ್ಟುವುದು ಒಪ್ಪಿಗೆಯಿಂದಲ್ಲ. ಅಭ್ಯರ್ಥಿ ಎಲ್ಲದಕ್ಕೂ "ಹ್ಞೂಂ ರೀ" ಎಂದರೆ 'ಸ್ವಂತ ಅಭಿಪ್ರಾಯವಿಲ್ಲ' ಎಂದು ಬರೆಯುತ್ತಿದ್ದೆ. ಉತ್ತರ ಕರ್ನಾಟಕದ ಹುಡುಗರು ತಾವೊಬ್ಬರೇ ಮಾಡಿದ ಕೆಲಸವನ್ನೂ "ಮಾಡಿದ್ವಿ ರೀ" ಎನ್ನುತ್ತಾರೆ. ಹಿರಿಯರೆದುರು "ನಾನು ಮಾಡಿದೆ" ಎಂದು ಎದೆ ತಟ್ಟಿಕೊಳ್ಳುವುದು ಅವರಿಗೆ ಹೇಳಿಕೊಟ್ಟ ಮರ್ಯಾದೆಯಲ್ಲ. ನಮ್ಮ ಸಂದರ್ಶನದ ಕೈಪಿಡಿಯಾದರೋ ಎಲ್ಲಿಂದಲೋ ಬಂದದ್ದು. ಅಭ್ಯರ್ಥಿ 'ನಾವು' ಎಂದರೆ ಅವನ ಸ್ವಂತ ಪಾಲು ಅನುಮಾನಾಸ್ಪದ ಎಂದು ಅದರಲ್ಲಿ ಬರೆದಿತ್ತು. ಕನ್ನಡದವಳೇ ಆದ ನಾನು ಕನ್ನಡದ ಆ ವಿನಯಕ್ಕೆ ಅಂಕ ಕಡಿದಿದ್ದೇನೆ. ಅದೇ ಕೋಣೆಯಲ್ಲಿ ಕುಳಿತ ಜಪಾನಿ ಮುಖ್ಯಸ್ಥರು, ಉತ್ತರಿಸುವ ಮೊದಲು ಸುಮ್ಮನಿರುವವರಿಗೆ ಹೆಚ್ಚು ಅಂಕ ಕೊಡುತ್ತಿದ್ದರು. ಅಂಥವರ ಬಗ್ಗೆ ನಾನು 'ಆತ್ಮವಿಶ್ವಾಸ ಸಾಲದು' ಎಂದು ಬರೆದಿರುತ್ತಿದ್ದೆ.

ಬುಷ್ ಮತ್ತು ಕ್ಯಾಲಿಪರ್

ಆ ಹುಡುಗ ಆಯ್ಕೆಯಾದ. ಪ್ರಾಯೋಗಿಕ ಪರೀಕ್ಷೆಯ ಅಂಕಗಳು ಅಷ್ಟು ಮೇಲಿದ್ದುದರಿಂದ ನಾನು ಕಡಿದ 2 ಅಂಕ ಅವನನ್ನು ತಡೆಯಲಿಲ್ಲ. ಮಾರನೆಯ ವಾರ ಹಳೆಯ ಅಂಕಪಟ್ಟಿಗಳನ್ನು ತೆಗೆದು ಕುಳಿತೆ. ಹೊಡೆದು ತಿದ್ದಿದ ಅಂಕಿಗಳು ಅಲ್ಲಲ್ಲಿ ಇದ್ದವು. ಯಾವ ಮಾತಿನ ನಂತರ ತಿದ್ದಿದೆ ಎಂಬುದನ್ನು ಮಾತ್ರ ಎಲ್ಲಿಯೂ ಬರೆದಿಟ್ಟಿರಲಿಲ್ಲ.

ಪದ್ಧತಿಯನ್ನು ಬದಲಿಸಲು ಒಂದು ವರ್ಷ ಹಿಡಿಯಿತು. ಎಲ್ಲರಿಗೂ ಒಂದೇ ಪ್ರಶ್ನೆಗಳು, ಒಂದೇ ಕ್ರಮದಲ್ಲಿ. ಉತ್ತರಕ್ಕೆ ಎಷ್ಟು ಅಂಕವೆಂಬುದು ಮೊದಲೇ ನಿಗದಿ. ಪ್ಯಾನೆಲ್‌ನವರು ತಮ್ಮೊಳಗೆ ಮಾತನಾಡುವ ಮೊದಲು ಪ್ರತ್ಯೇಕವಾಗಿ ಅಂಕ ಬರೆದು ಸಹಿ ಮಾಡಬೇಕು. 'ವ್ಯಕ್ತಿತ್ವ' ಎಂಬ ಕಾಲಂ ತೆಗೆದೆವು. ಇದು ಕೇವಲ ನ್ಯಾಯದ ಮಾತಲ್ಲ ಎಂದು ಒಪ್ಪಿಸಲು ನನಗೆ ಸಂಶೋಧನೆಯ ಆಸರೆಯೂ ಇತ್ತು. ಪಾಲ್ ಸ್ಯಾಕೆಟ್ ಮತ್ತು ಸಹೋದ್ಯೋಗಿಗಳು 2022ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಮರಳಿ ಲೆಕ್ಕ ಹಾಕಿದಾಗಲೂ ಇದೇ ಕಂಡಿತು: ಮುಂದಿನ ಕೆಲಸದ ಗುಣಮಟ್ಟದೊಂದಿಗೆ ಕ್ರಮಬದ್ಧ ಸಂದರ್ಶನದ ನಂಟು 0.42; ಮನಸ್ಸಿಗೆ ತೋಚಿದ್ದನ್ನು ಕೇಳುವ ಸಂದರ್ಶನದ ನಂಟು 0.19 (0 ಎಂದರೆ ನಂಟೇ ಇಲ್ಲ, 1 ಎಂದರೆ ಪೂರ್ತಿ ನಂಟು). ನಾವು ಅನುಭವ ಎಂದು ಹೆಮ್ಮೆಪಡುವುದು ಬಹುಪಾಲು ಈ ಎರಡನೆಯ ಬಗೆಯದು.

ವಿರೋಧ ಜಪಾನಿಗಳಿಂದ ಬರಲಿಲ್ಲ, ನಮ್ಮವರಿಂದ ಬಂತು. "ಹಿನ್ನೆಲೆ ಗೊತ್ತಿಲ್ಲದೆ ಯಾರನ್ನೋ ತಂದು ಮೆಷೀನ್ ಮುಂದೆ ನಿಲ್ಲಿಸೋದಾ ಮೇಡಂ?" ಎಂದು ಕೇಳಿದವರಿದ್ದರು. ಸುತ್ತಲಿನ ಹಳ್ಳಿಗಳವರನ್ನು ತೆಗೆದುಕೊಂಡರೆ ಯೂನಿಯನ್ ಕಟ್ಟುತ್ತಾರೆ, ದೂರದ ಜಿಲ್ಲೆಯವರಾದರೆ ಹಬ್ಬಕ್ಕೆ ಹೋದವರು ಮರಳುವುದಿಲ್ಲ ಎಂಬ ಎರಡೂ ವಾದಗಳನ್ನು ಒಬ್ಬರೇ ಒಂದೇ ಸಭೆಯಲ್ಲಿ ಮಂಡಿಸಿದ್ದನ್ನು ಕೇಳಿದ್ದೇನೆ. ಪಿಎಫ್ ಮತ್ತು ಇಎಸ್‌ಐ ನಮೂನೆಗಳಲ್ಲಿ ನಾಮಿನಿಯ ಹೆಸರು ಬೇಕಲ್ಲ ಎಂಬುದು ಇನ್ನೊಂದು ಆಕ್ಷೇಪ. ಬೇಕು, ಖಂಡಿತ ಬೇಕು. ಅದನ್ನು ಆಯ್ಕೆಯಾದ ಮೇಲೆ, ಕೆಲಸಕ್ಕೆ ಸೇರುವ ದಿನ ಕೇಳಬಹುದು. ಅಪ್ಪ ಅವ್ವ ಎಲ್ಲಿದ್ದಾರೆ, ಹಾಸ್ಟೆಲ್ ಬೇಕೇ, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಎಂದು ಆಗ ಕೇಳಿದರೆ ಅದು ನಮ್ಮ ಹಳ್ಳಿಯ ಅಕ್ಕರೆಯ ಪ್ರಶ್ನೆಯೇ ಆಗಿರುತ್ತದೆ, ಏಕೆಂದರೆ ಉತ್ತರ ಏನೇ ಬಂದರೂ ಕೆಲಸ ಅವನದ್ದೇ.

ಆದರೂ ನಾನು ಎಣಿಸದಿದ್ದ ಒಂದು ತೊಡಕು ಉಳಿದೇ ಇದೆ. ನಾವು ಕೇಳುವುದನ್ನು ನಿಲ್ಲಿಸಿದರೂ ಮಕ್ಕಳು ಹೇಳುವುದನ್ನು ನಿಲ್ಲಿಸಿಲ್ಲ. ಸಂದರ್ಶನವೆಂದರೆ ಹೀಗೆ ಎಂದು ಕಾಲೇಜಿನಲ್ಲಿ ಯಾರೋ ಬಾಯಿಪಾಠ ಮಾಡಿಸಿ ಕಳಿಸಿರುತ್ತಾರೆ. ಈಚೆಗೆ ಕೊಪ್ಪಳ ಕಡೆಯ ಹುಡುಗಿಯೊಬ್ಬಳು ಕುರ್ಚಿಯ ಅಂಚಿನಲ್ಲಿ ಕುಳಿತು, ಯಾರೂ ಕೇಳದಿದ್ದರೂ, ಒಂದೇ ಉಸಿರಿನಲ್ಲಿ "ಮೈ ಫಾದರ್ ನೇಮ್ ಈಸ್…" ಎಂದು ಆರಂಭಿಸಿದಳು. ನಾನು ಮೆಲ್ಲಗೆ ಕೈಯೆತ್ತಿ ತಡೆದೆ. ಅವಳ ಮುಖ ಕಳೆಗುಂದಿತು. ಅವಳು ವಾರಗಟ್ಟಲೆ ಅಭ್ಯಾಸ ಮಾಡಿಕೊಂಡು ಬಂದಿದ್ದ ಏಕೈಕ ಉತ್ತರ ಅದು. ಅದನ್ನೇ ಬೇಡವೆಂದರೆ ಮುಂದೆ ಏನು ಹೇಳಬೇಕೆಂದು ಅವಳಿಗೆ ತೋಚಲಿಲ್ಲ.

ಏನೂ ಹೇಳುವುದು ಬೇಡಮ್ಮ ಎಂದು ಮೇಜಿನ ಮೇಲಿದ್ದ ಹಿತ್ತಾಳೆಯ ಬುಷ್ (ಕೊಳವೆಯಂಥ ಬಿಡಿಭಾಗ) ಮತ್ತು ಅಳತೆಯ ಸಾಧನವಾದ ವರ್ನಿಯರ್ ಕ್ಯಾಲಿಪರನ್ನು ಅವಳ ಮುಂದಿಟ್ಟೆ. ಅವಳು ಮೊದಲು ಕ್ಯಾಲಿಪರಿನ ದವಡೆಗಳನ್ನು ಮುಚ್ಚಿ ಸೊನ್ನೆಗೆ ಸರಿಯಾಗಿ ಕೂರುತ್ತದೆಯೇ ಎಂದು ನೋಡಿದಳು. ಹೊರಗಿನ ಅಳತೆ ತೆಗೆದಳು, ಒಳಗಿನದು ತೆಗೆದಳು, ಬುಷ್ಷನ್ನು ಕಾಲು ಸುತ್ತು ತಿರುಗಿಸಿ ಮತ್ತೊಮ್ಮೆ ತೆಗೆದಳು. ಆಮೇಲೆ ಎದ್ದು ಕಿಟಕಿಯ ಹತ್ತಿರ ಹೋಗಿ ಅದನ್ನು ಬೆಳಕಿಗೆ ಹಿಡಿದು, ನಮ್ಮ ಕಡೆ ತಿರುಗದೆಯೇ ಹೇಳಿದಳು: "ಮೇಡಂ, ಇದರ ಒಳಗ ಒಂದು ಗೆರಿ ಬಿದ್ದೈತ್ರಿ. ನೋಡ್ರಿ ಇಲ್ಲಿ."